ಬ್ರಹ್ಮಗಿರಿ ಹತ್ತಲು ನಮಗೂ ಅನುಮತಿ ಬೇಕೆ?

ಕೊಡಗಿನ ಪೊನ್ನಂಪೇಟೆಯ ಓದುಗರೊಬ್ಬರು ಬೆಂಗಳೂರಿನಿಂದ ಬಂದ ನೆಂಟರ ಮಕ್ಕಳೊಡನೆ ಬ್ರಹ್ಮಗಿರಿ ಬೆಟ್ಟ ಹತ್ತಿ, ಮೇಲೆ ಬೆಂಕಿ ಹಾಕಿಕೊಂಡು ಒಂದು ರಾತ್ರಿ ಕಳೆಯಲು ಹೊರಟಿದ್ದರು. ಬೆಟ್ಟದ ಬುಡದ ಇರ್ಪುವಿನಲ್ಲೇ ತಡೆದು ವಾಪಸು ಕಳಿಸಿದರಂತೆ. ಕಾರಣ ಕೇಳಿದರೆ ‘ರೂಲ್ಸ್’ ಎಂದಷ್ಟೇ ಉತ್ತರ. “ನಮ್ಮ ತೋಟಕ್ಕೆ ನುಗ್ಗುವ ಆನೆ ಯಾರ ಅನುಮತಿ ಕೇಳುತ್ತದೆ? ಕಾಡಿನ ಅಂಚಿನಲ್ಲೇ ಬೆಳೆದ ನಮಗೇಕೆ ಪರ್ಮಿಟ್, ಗೈಡ್? ಮನೆಯ ಕೋವಿಗೆ ಲೈಸೆನ್ಸ್ ಬೇಡವೆಂದ ಸರ್ಕಾರ ಅದನ್ನು ಕಾಡಿಗೆ ಒಯ್ಯಬೇಡಿ ಎನ್ನುವುದೇಕೆ?” ಎಂದು ಕೇಳಿದ್ದಾರೆ.

ಆನೆಯ ಮಾತು ಮೊದಲು. ಕಾಫಿ ಕೊಯ್ಲಿನ ಬೆಳಗ್ಗೆ ಆಳುಗಳನ್ನು ಕಳಿಸುವ ಮುನ್ನ ತೋಟದಲ್ಲಿ ಆನೆ ಇದೆಯೇ ಎಂದು ನೋಡಿ ಬರಬೇಕಾದವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಇರ್ಪುವಿನ ಗೇಟಿನಲ್ಲಿ ತೀರಿಸಿಕೊಂಡರೆ ನಷ್ಟ ನಮಗೇ. ರಾತ್ರಿಯ ಗದ್ದಲಕ್ಕೆ ಮೇಲಿನಿಂದ ಎದ್ದ ಆನೆ ಕೆಳಗಿನ ತೋಟಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು?

ಬೆಂಕಿಯ ವಿಷಯದಲ್ಲಂತೂ ನಾನು ಕಿಂಚಿತ್ತೂ ರಾಜಿಯಾಗಲಾರೆ. ಬ್ರಹ್ಮಗಿರಿಯ ನೆತ್ತಿಯ ಮೇಲೆ ಹುಲ್ಲು, ಕಣಿವೆಗಳಲ್ಲಿ ಶೋಲಾ ಎಂಬ ನಿತ್ಯಹಸಿರು ಕಾಡು. ಫೆಬ್ರವರಿ ಹೊತ್ತಿಗೆ ಆ ಹುಲ್ಲು ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗುತ್ತದೆ. ಮೇಲೆ ಬೀಸುಗಾಳಿ ಬೇರೆ. ನೀರು ಸುರಿದು ಆರಿಸಿದೆವು ಎಂದುಕೊಂಡರೂ ಕಲ್ಲಿನ ಸಂದಿಯಲ್ಲಿ ಕೆಂಡ ಉಳಿದಿರಬಹುದು. ಸುಟ್ಟ ಹುಲ್ಲು ಮಳೆ ಬಿದ್ದೊಡನೆ ಚಿಗುರುತ್ತದೆ. ಶೋಲಾದ ಅಂಚಿನಲ್ಲಿ ಆಗತಾನೆ ತಲೆಯೆತ್ತಿದ ಸಸಿಗಳು ಸುಟ್ಟರೆ ಮುಗಿಯಿತು. ವರ್ಷವರ್ಷವೂ ಅಂಚು ಬೆಂದರೆ ಕಾಡು ಒಳಕ್ಕೆ ಸರಿಯುತ್ತಾ ಹೋಗುತ್ತದೆ. ಈ ಬೆಟ್ಟ ಮಳೆಯಲ್ಲಿ ಕುಡಿದಿಟ್ಟ ನೀರೇ ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ. ಕಾನೂರು, ಬಾಳೆಲೆ ಕಡೆಯಿಂದ ಹರಿದು, ಹುಣಸೂರು ದಾಟಿ ಕಾವೇರಿ ಸೇರುವುದೂ ಅದೇ.

ಇನ್ನು ಪರ್ಮಿಟ್. ಬ್ರಹ್ಮಗಿರಿ 1974ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ವಾಸಿಸಲು ಅನುಮತಿ ಇರುವವರು, ಅಲ್ಲಿ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರು, ಇಂಥವರಿಗಷ್ಟೇ ವಿನಾಯಿತಿ. ಅಂಚಿನ ಊರಿನವರು ಎಂಬುದು ಆ ಪಟ್ಟಿಯಲ್ಲಿಲ್ಲ. ಕೋವಿಯೂ ಹಾಗೆಯೇ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವುದು ಶಸ್ತ್ರ ಕಾಯ್ದೆಯ ಲೈಸೆನ್ಸ್ ವಿನಾಯಿತಿ. ಧಾಮದೊಳಕ್ಕೆ ಯಾವುದೇ ಆಯುಧ ಒಯ್ಯಲು ಲಿಖಿತ ಅನುಮತಿ ಬೇಕೆನ್ನುತ್ತದೆ ವನ್ಯಜೀವಿ ಕಾಯ್ದೆಯ 31ನೇ ಸೆಕ್ಷನ್. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಪೂಜೆಗಿಟ್ಟ ಕೋವಿಯ ಗೌರವಕ್ಕೆ ಇದರಿಂದ ಕುಂದೇನಿಲ್ಲ.

ಗೈಡ್ ಬೇಕಾಗುವುದು ದಾರಿ ತೋರಿಸಲಿಕ್ಕೆ ಮಾತ್ರ ಅಲ್ಲ. ಆನೆ ಲದ್ದಿ ಹಸಿಯೋ ಹಳತೋ, ಮುಂದೆ ಹೋಗಬೇಕೋ ಅಲ್ಲೇ ನಿಲ್ಲಬೇಕೋ ಎಂದು ದಿನವೂ ನಡೆಯುವವರಿಗೆ ಗೊತ್ತಾಗುತ್ತದೆ. ನಿಮಗೂ ಗೊತ್ತಿರಬಹುದು, ಬೆಂಗಳೂರಿನ ಮಕ್ಕಳಿಗೆ?

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ‘ರೂಲ್ಸ್’ ಎಂದು ಬಾಯಿ ಮುಚ್ಚಿಸುವುದು ತಪ್ಪು. ಬೆಂಕಿ ಏಕೆ ಬೇಡ, ಸಂಜೆಯ ಮೇಲೆ ಏಕೆ ಇರಬಾರದು ಎಂದು ಗೇಟಿನಲ್ಲೇ ಬಿಡಿಸಿ ಹೇಳಬೇಕು, ಬೋರ್ಡಿನಲ್ಲೂ ಬರೆಯಬೇಕು.

ಮಳೆ ನಿಂತು ಹುಲ್ಲು ಇನ್ನೂ ಹಸಿರಾಗಿರುವಾಗ ಮೊದಲೇ ಅನುಮತಿ ಪಡೆದು ಮಕ್ಕಳನ್ನು ಮತ್ತೆ ಕರೆದೊಯ್ಯಿರಿ. ಬೆಳಗ್ಗೆ ಬೇಗ ಹತ್ತಿ, ಕತ್ತಲಾಗುವ ಮುನ್ನ ಇಳಿಯಿರಿ. ಜಿಗಣೆ ಇರುತ್ತವೆ, ಉದ್ದ ಕಾಲುಚೀಲ ಹಾಕಿಸಿ.

— ಸಂಪಾದಕ