ಅಟ್ಟ ಖಾಲಿ ಮಾಡುವ ಮುಂಚೆ ಅಮ್ಮನ ಹತ್ತಿರ ಕೂತು ಮಾತಾಡಿ

ಅಕ್ಕ, ಅಪ್ಪ ಹೋಗಿ ವರ್ಷವಾಯಿತು, ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವ ಮುಂಚೆ ಹತ್ತು ದಿನದ ರಜೆಯಲ್ಲಿ ತೋಟದ ಮನೆ ಖಾಲಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಸಾಗರದ ಕಡೆಯ ನಮ್ಮ ಮನೆಯಲ್ಲಿ ಎರಡು ವರ್ಷದ ಹಿಂದೆ ಇದೇ ಕೆಲಸ ಮಾಡಿದೆವು. ತಪ್ಪು ಜಾಸ್ತಿ ಮಾಡಿದ್ದರಿಂದ ಹೇಳಲು ತುಂಬಾ ಇದೆ.

ಅಟ್ಟ ಕೊನೆಗೆ ಹತ್ತಿ. ಮೊದಲು ಕಾಗದ. ನಾವು ಉಲ್ಟಾ ಮಾಡಿದೆವು. ಗೆದ್ದಲು ಹಿಡಿದ ಒಂದು ಟ್ರಂಕಿನ ಕಾಗದವನ್ನೆಲ್ಲ ತಮ್ಮ ಬಚ್ಚಲೊಲೆಗೆ ಹಾಕಲು ಹೊರಟಿದ್ದ. ಅಮ್ಮ ಬಂದು ತಡೆದಳು. ಅದರೊಳಗೆ ಅಜ್ಜನ ಫಾರಂ 10 ಇತ್ತು! ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಆದ ಮೇಲೆ ಗೇಣಿ ಮಾಡುತ್ತಿದ್ದವರು ಫಾರಂ 7 ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿ ಒಪ್ಪಿದವರಿಗೆ ಸಿಕ್ಕ ಹಕ್ಕುಪತ್ರವೇ ಈ ಫಾರಂ 10. ನಮ್ಮ ಅರ್ಧ ತೋಟ ಅದರ ಮೇಲೆ ನಿಂತಿದೆ. ಹಾಗಾಗಿ ಪಾಲುಪಟ್ಟಿ, ಕ್ರಯಪತ್ರ, ಗೇಣಿ ರಸೀದಿ, ಹಳೆ ಪಹಣಿ, ಸೊಸೈಟಿಯ ಷೇರು ಪತ್ರ ಇವನ್ನೆಲ್ಲ ಬೇರೆ ತೆಗೆದಿಡಿ, ಫೋನಿನಲ್ಲಿ ಫೋಟೋನೂ ತೆಗೆದುಕೊಳ್ಳಿ. ಕರೆಂಟ್ ಬಿಲ್, ಮದುವೆ ಕರೆಯೋಲೆ ಸುಡಬಹುದು.

ಇನ್ನು ಪಾತ್ರೆ. ಜಗಳ ಆಗುವುದು ಇಲ್ಲೇ. ನಾವು ಒಂದೊಂದನ್ನೇ ಎತ್ತಿ ತೋರಿಸಿ "ಅಮ್ಮ, ಇದು ಬೇಕಾ?" ಅಂತ ಕೇಳಿದೆವು. ಹಿಡಿ ಇಲ್ಲದ ಸೌಟಿಗೂ "ಇರಲಿ ಬಿಡು" ಅಂದಳು. ಮೂರು ದಿನ ಹೀಗೇ ಹೋಯಿತು. ಆಮೇಲೆ ನನ್ನ ಹೆಂಡತಿ ಕೇಳುವ ರೀತಿ ಬದಲಿಸಿದಳು. "ಅತ್ತೆ, ಇದನ್ನು ಯಾರಿಗೆ ಕೊಡೋಣ?" ಅಂದಳು ಅಷ್ಟೇ. ತಾಮ್ರದ ಹಂಡೆ ಇನ್ನೂ ಸೌದೆ ಒಲೆಯ ಬಚ್ಚಲು ಇಟ್ಟುಕೊಂಡಿರುವ ತಂಗಿ ಮಗಳಿಗೆ ಹೋಯಿತು. ನೂರು ಜನಕ್ಕೆ ಪಾಯಸ ಮಾಡುವ ಕೊಪ್ಪರಿಗೆ ಊರಿನ ದೇವಸ್ಥಾನಕ್ಕೆ ಹೋಯಿತು. ಕಡಗೋಲು ಪಕ್ಕದ ಮನೆಗೆ. ಅವರವರನ್ನು ಕರೆಸಿ, ಕಾಫಿ ಕೊಟ್ಟು, ಅಮ್ಮನೇ ತನ್ನ ಕೈಯಾರೆ ಕೊಟ್ಟಳು. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಮೂರು ಜಾಡಿಯಲ್ಲಿ ಒಂದು ಮಾತ್ರ ಅವಳ ಜೊತೆ ಬೆಂಗಳೂರಿಗೆ ಬಂತು. ಫ್ಲಾಟಿನಲ್ಲಿ ಅದನ್ನಿಡಲು ಜಾಗವಿಲ್ಲ, ಟಿವಿ ಪಕ್ಕ ಕೂತಿದೆ.

ಯಾರಿಗೂ ಬೇಡದ್ದನ್ನು ಗುಜರಿಗೆ ಹಾಕುವಾಗ ನೀವೇ ತೂಗಿ. ಮೊದಲ ಸಲ ಗುಜರಿಯವನು ಹೇಳಿದ ತೂಕ ನಂಬಿದೆವು. ಎರಡನೇ ಸಲ ನಾವೇ ತೂಗಿಟ್ಟು ನೋಡಿದರೆ ಏಳು ಕೆಜಿ ವ್ಯತ್ಯಾಸ. ಅಡಿಕೆ ತೂಗುವ ತಕ್ಕಡಿ ಜಗಲಿಯಲ್ಲೇ ಇತ್ತು, ತಲೆಗೆ ಹೊಳೆದಿರಲಿಲ್ಲ ಅಷ್ಟೇ. ಹಿತ್ತಾಳೆ, ತಾಮ್ರ, ಕಂಚು ಬೇರೆ ಬೇರೆ ಇಡಿ, ಮೂರಕ್ಕೂ ದರ ಬೇರೆ.

ಸೀರೆ ಮಡಿಕೆ, ಅಕ್ಕಿ ಡಬ್ಬಿ, ದೇವರ ಪೆಟ್ಟಿಗೆ ಎಲ್ಲ ಕೊಡವಿ ನೋಡಿ. ನೋಟು ಸಿಕ್ಕೇ ಸಿಗುತ್ತದೆ. 2016ರಲ್ಲಿ ರದ್ದಾದ 500, 1000ದ ನೋಟುಗಳನ್ನು ಹತ್ತಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದು 2017ರ ಕಾಯ್ದೆ ಪ್ರಕಾರ ತಪ್ಪು, ಸಂಗ್ರಹ, ಅಧ್ಯಯನ, ಸಂಶೋಧನೆಗೆ ಮಾತ್ರ 25ರವರೆಗೆ ಬಿಟ್ಟಿದ್ದಾರೆ. 2000ದ ನೋಟು ಸಿಕ್ಕರೆ ಬಿಸಾಡಬೇಡಿ, ಅದು ರದ್ದಾಗಿಲ್ಲ. ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಕೊಡಬೇಕು.

ತಾಳೆಗರಿ ಕಟ್ಟು ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕೆಳದಿಯ ಮ್ಯೂಸಿಯಂನಲ್ಲಿ ಅಥವಾ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ವಿಚಾರಿಸಿ. ಅಮೆರಿಕದಲ್ಲಿರುವ ನಮ್ಮ ಅಣ್ಣ ನೆನಪಿಗೆ ಅಂತ ಒಂದು ಕಟ್ಟು ಸೂಟ್‌ಕೇಸಿಗೆ ಹಾಕಿಕೊಂಡಿದ್ದ, ತೆಗೆಸಿದೆ. ಬೆಲೆಬಾಳುವ ಹಸ್ತಪ್ರತಿಗೆ 75 ವರ್ಷ, ಹಳೆ ವಿಗ್ರಹದಂಥವಕ್ಕೆ 100 ವರ್ಷ ದಾಟಿದ್ದರೆ ಅವು ಪುರಾತನ ವಸ್ತು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಕೊಟ್ಟಿಗೆಯ ಮೂಲೆಯ, ತೋಟಕ್ಕೆ ಹೊಡೆಯುವ ಹಳೆ ಔಷಧಿ ಡಬ್ಬಿಗಳನ್ನು ಮಕ್ಕಳ ಕೈಗೆ ಕೊಡಬೇಡಿ. ನಮ್ಮಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಅರ್ಧ ಡಬ್ಬಿ ಇತ್ತು, ಸುಪ್ರೀಂ ಕೋರ್ಟು 2011ರಲ್ಲೇ ನಿಲ್ಲಿಸಿದ ವಿಷ. ಹಳ್ಳಕ್ಕೆ ಚೆಲ್ಲುವುದು, ಸುಡುವುದು ಎರಡೂ ಬೇಡ. ಬಿಗಿಯಾಗಿ ಮುಚ್ಚಿಟ್ಟು ಕೃಷಿ ಇಲಾಖೆಯವರನ್ನು ಕೇಳಿ. ಮೈಲುತುತ್ತು ಗಟ್ಟಿಯಾಗಿದ್ದರೂ ಎಸೆಯಬೇಡಿ, ಅಡಿಕೆ ಕೊಳೆರೋಗದ ಔಷಧಿಗೆ ಪಕ್ಕದ ತೋಟದವರು ಒಯ್ಯುತ್ತಾರೆ.

ಅಪ್ಪನ ಹೆಸರಲ್ಲಿ ಕೋವಿ ಇದೆಯಾ? ನೀವು ಬರೆದಿಲ್ಲ. ಇದ್ದರೆ ಉಳಿದ ಕೆಲಸ ಎಲ್ಲ ಆಮೇಲೆ. ಲೈಸೆನ್ಸ್ ಇದ್ದವರು ತೀರಿಹೋದ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಈಗಾಗಲೇ ವರ್ಷವಾಗಿದೆ, ತಡ ಮಾಡದೆ ಠಾಣೆಗೆ ಹೋಗಿ ಮಾತಾಡಿ.

ಹತ್ತು ದಿನ ಸಾಲದು ಅಕ್ಕ. ಈ ಸಲ ಕಾಗದ ಮತ್ತು ಪಾತ್ರೆ ಮಾತ್ರ ಮುಗಿಸಿ. ಕಣಜ, ಮಂಚ, ಒರಳುಕಲ್ಲು ಮುಂದಿನ ಬೇಸಿಗೆಗೆ ಇರಲಿ. ಮಳೆ ಹಿಡಿದ ಮೇಲೆ ನಿಮ್ಮ ಕಡೆಯ ರಸ್ತೆಯಲ್ಲಿ ಲಾರಿ ಬರುವುದಿಲ್ಲ.