ಟೈಪ್ 1 ಡಯಾಬಿಟಿಸ್ ಇರುವ ಮಗಳನ್ನು ಇಷ್ಟು ಜೋಪಾನ ಮಾಡಿದರೂ ಯಾಕೆ ಮಂಕಾಗಿದ್ದಾಳೆ?

ಆ ಜೋಪಾನವೇ ಅತಿಯಾಗಿರಬಹುದು. ಕಬಡ್ಡಿ ಬೇಡ, ಶಾಲೆಯವರ ಜೊತೆ ನಂದಿ ಬೆಟ್ಟಕ್ಕೂ ಬೇಡ ಅಂತ ತಡೆಯುತ್ತಾ ಹೋದರೆ, 'ನನ್ನ ಕೈಲಿ ಇದನ್ನ ನಿಭಾಯಿಸೋಕಾಗಲ್ಲ' ಅನ್ನುವುದೇ ಮಗುವಿನ ಮನಸ್ಸಲ್ಲಿ ಕೂರುತ್ತದೆ. ನಿಭಾಯಿಸಿ ನೋಡುವ ಅವಕಾಶವೇ ಸಿಗದಿದ್ದಾಗ ಆ ಭಯ ಸುಳ್ಳು ಅಂತ ಗೊತ್ತಾಗುವುದಾದರೂ ಹೇಗೆ? ಹಾಗಂತ ಪೂರ್ತಿ ಬಿಟ್ಟುಬಿಡುವುದೂ ತಪ್ಪು; ಇನ್ಸುಲಿನ್ ವಿಷಯದಲ್ಲಿ ರಿಯಾಯಿತಿ ಇಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡುವುದು, ಅದು 70 mg/dLಗಿಂತ ಇಳಿದರೆ ತಕ್ಷಣ ಗ್ಲೂಕೋಸ್ ತಿಂದು 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಇವನ್ನು ಅವಳಿಗೇ ಕಲಿಸಿ. ಟೀಚರಿಗೂ ಹೇಳಿ. 'ಹೆಣ್ಣುಮಗು, ನಾಳೆ ಮದುವೆಗೆ ತೊಂದರೆ' ಅಂತ ನಮ್ಮ ಚಿಕ್ಕಬಳ್ಳಾಪುರದ ಕಡೆ ಮುಚ್ಚಿಡುವುದುಂಟಲ್ಲ, ಅದು ಮಗುವಿಗೆ ಕಾಯಿಲೆಗಿಂತ ಭಾರ. ಮಂಕು ಎರಡು ವಾರ ದಾಟಿದರೆ ಮನೋವೈದ್ಯರಿಗೆ ತೋರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ.