60 ಸಾವಿರ ಬೋನಸ್: ಫೋನೋ, ಪ್ರವಾಸವೋ?

60,000 ರೂಪಾಯಿ ಬೋನಸ್ ಬಂದಿದೆ, ಹೊಸ ಫೋನ್ ಕೊಂಡರೆ ಖುಷಿಯೋ, ಮನೆಯವರ ಜೊತೆ ಪ್ರವಾಸ ಹೋದರೆ ಖುಷಿಯೋ ಅಂತ ಕೇಳಿದ್ದೀರಿ.

ಮೊದಲು ಮನೆ ನೋಡಿ. ಫ್ರಿಜ್ ಕೆಟ್ಟು ಕೂತಿದ್ದರೆ, ಈಗಿನ ಫೋನಿನಲ್ಲಿ ಮಾತೇ ಕೇಳಿಸದಿದ್ದರೆ, ದುಡ್ಡು ಅಲ್ಲಿಗೇ ಹೋಗಲಿ. ‘ವಸ್ತುವಿಗಿಂತ ಅನುಭವ ಮೇಲು’ ಅನ್ನುವವರು ಎತ್ತಿ ತೋರಿಸುವುದು ಮನಶ್ಶಾಸ್ತ್ರಜ್ಞರಾದ ವ್ಯಾನ್ ಬೋವೆನ್ ಮತ್ತು ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಅಮೆರಿಕದ ಸಮೀಕ್ಷೆಯನ್ನು. ಯಾವ ಖರ್ಚು ಹೆಚ್ಚು ಖುಷಿ ಕೊಟ್ಟಿತು ಅಂತ ಕೇಳಿದಾಗ ಅದರಲ್ಲಿ ಶೇ 57ರಷ್ಟು ಜನ ಪ್ರವಾಸದಂಥ ಅನುಭವ ಅಂದರು, ಶೇ 34ರಷ್ಟು ಜನ ವಸ್ತು ಅಂದರು. ಮೂವರಲ್ಲೊಬ್ಬರು ವಸ್ತುವಿನ ಕಡೆ ಇದ್ದರಲ್ಲ, ಅದನ್ನು ಯಾರೂ ಹೇಳುವುದಿಲ್ಲ! 2018ರ ಇನ್ನೊಂದು ಅಧ್ಯಯನದಲ್ಲಿ ಕೈ ಬಿಗಿ ಇರುವವರಿಗೆ ವಸ್ತುವೂ ಅಷ್ಟೇ, ಕೆಲವೊಮ್ಮೆ ಹೆಚ್ಚೇ, ಸಂತೋಷ ಕೊಟ್ಟಿತ್ತು.

ಹಳೇ ಫೋನ್ ನೆಟ್ಟಗಿದ್ದರೆ ನನ್ನ ವೋಟು ಪ್ರವಾಸಕ್ಕೆ. ಹೊಸ ಫೋನ್ ಬೇಗ ರೂಢಿಯಾಗಿಬಿಡುತ್ತದೆ. ಪಕ್ಕದ ಸೀಟಿನವರು ಮುಂದಿನ ಮಾಡೆಲ್ ತಂದ ದಿನ ನಿಮ್ಮದು ಹಳತು. ಅವರು ಅಂಡಮಾನಿಗೇ ಹೋಗಿಬರಲಿ, ನೀವು ನೋಡಿದ ಹಂಪಿ ಹಳತಾಗುವುದಿಲ್ಲ.

ಆದರೆ ಅಷ್ಟೂ ದುಡ್ಡನ್ನು ಒಂದೇ ಪ್ರವಾಸಕ್ಕೆ ಸುರಿಯಬೇಡಿ. ನೆದರ್‌ಲ್ಯಾಂಡ್ಸಿನ 2010ರ ಅಧ್ಯಯನವೊಂದರಲ್ಲಿ ನೋಡಿದಾಗ, ರಜೆಗೆ ಹೊರಟವರು ಹೊರಡುವ ಮುಂಚೆಯೇ ಉಳಿದವರಿಗಿಂತ ಖುಷಿಯಾಗಿದ್ದರು. ವಾಪಸ್ ಬಂದ ಮೇಲೆ, ತೀರಾ ಆರಾಮಾಗಿ ಕಳೆದವರನ್ನು ಬಿಟ್ಟರೆ, ಹೋಗದವರಿಗೂ ಇವರಿಗೂ ವ್ಯತ್ಯಾಸವೇ ಇರಲಿಲ್ಲ. ಅಂದರೆ ಕಾಯುವ ದಿನಗಳೂ ಲಾಭವೇ. ರೈಲು ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಅವತ್ತೇ ಮಾಡಿ. 25,000ದ ಎರಡು ಪ್ರವಾಸ, ನಡುವೆ ನಾಲ್ಕೈದು ತಿಂಗಳು. ಉಳಿದ 10,000 ಮಗುವಿಗೆ ಜ್ವರ ಬಂತು, ಬಸ್ ತಪ್ಪಿತು ಅನ್ನುವಂಥದ್ದಕ್ಕೆ. ಇಎಂಐ ಮಾತ್ರ ಬೇಡ, ಹೋಗಿಬಂದ ಊರಿಗೆ ತಿಂಗಳು ತಿಂಗಳು ದಂಡ ಕಟ್ಟಿದ ಹಾಗಿರುತ್ತದೆ.

ಪ್ರವಾಸ ಕೆಡುವುದು ಹೆಚ್ಚಾಗಿ ದಿನಕ್ಕೆ ಐದು ಜಾಗ ತುರುಕಿದಾಗ. ಮೂರು ದಿನ ಸಾಲು ರಜೆ ಸಿಕ್ಕಾಗ ಮುಳ್ಳಯ್ಯನಗಿರಿಗೆ ಹೊರಟರೆ ನೋಡಲು ಸಿಗುವುದು ಮುಂದಿನ ಕಾರಿನ ಡಿಕ್ಕಿ. ಎರಡು ಜಾಗ ಸಾಕು, ಮಧ್ಯಾಹ್ನ ಒಂದು ನಿದ್ದೆ.

ಕೊನೆಯ ದಿನವನ್ನಂತೂ ಹಾಳು ಮಾಡಬೇಡಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ತಂಡದ 1993ರ ಪ್ರಯೋಗವೊಂದರಲ್ಲಿ ಜನ ಒಮ್ಮೆ 14 ಡಿಗ್ರಿಯ ಕೊರೆಯುವ ನೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಮ್ಮೆ ಅಷ್ಟೂ ಹೊತ್ತು ಇಟ್ಟು, ತುಸು ಬೆಚ್ಚಗಾಗುತ್ತಾ ಹೋದ ನೀರಿನಲ್ಲಿ ಮತ್ತೆ 30 ಸೆಕೆಂಡ್. ಯಾವುದನ್ನು ಮತ್ತೆ ಮಾಡುತ್ತೀರಿ ಅಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕೊನೆ ಹೇಗಿತ್ತೋ ನೆನಪೂ ಹಾಗೆ. ಆದ್ದರಿಂದ ಒಳ್ಳೇ ಊಟ, ಮಕ್ಕಳಿಗೆ ಇಷ್ಟದ ಜಾಗ ಕೊನೆಗಿಡಿ. ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿದು ಹಾಗೇ ಆಫೀಸಿಗೆ ಓಡುವ ಪ್ಲಾನ್ ಬೇಡ. ಭಾನುವಾರ ಮಧ್ಯಾಹ್ನದೊಳಗೆ ಮನೆ ಸೇರುವ ಟಿಕೆಟ್ ನೋಡಿ.